ಹನ್ನೊಂದನೇ ನಂಬರಿನ ಹಾಳೆ

ಚಹಾ ವಿರಾಮಕ್ಕೆ ಎಲ್ಲರೂ ಹೊರಗೆ ಹೋದದ್ದನ್ನು ನೋಡಿಕೊಂಡು ನಾನು ಗೋಡೆಯ ಮೇಲಿದ್ದ ಹನ್ನೊಂದನೇ ನಂಬರಿನ ಹಾಳೆಯನ್ನು ಕದ್ದೆ.

ಕದ್ದೆ ಎಂದೇ ಹೇಳುತ್ತೇನೆ. ಹದಿನಾರು ವರ್ಷದಿಂದ ಕ್ರಿಮಿನಲ್ ವಕೀಲಿ ಮಾಡುತ್ತಿರುವವಳು ನಾನು. 'ನೋಡಿ ವಾಪಸ್ ಕೊಡೋಣ ಅಂತ ತಗೊಂಡೆ ಮೇಡಂ' ಎಂದು ಎಷ್ಟೋ ಕಕ್ಷಿದಾರರು ನನ್ನ ಮುಂದೆ ಕೈಮುಗಿದಿದ್ದಾರೆ, ನಾನು ಒಳಗೊಳಗೇ ನಕ್ಕಿದ್ದೇನೆ. ಈಗ ಅದೇ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತ ನಾಲ್ಕು ಪಿನ್ನು ಕಿತ್ತೆ, ಹಾಳೆಯನ್ನು ಮಡಚಿ ಬಿಳಿ ಕೋಟಿನ ಜೇಬಿಗೆ ತುರುಕಿದೆ, ಹೆಂಗಸರ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡೆ.

ನಮ್ಮ ಸೀನಿಯರ್ ತಮ್ಮ ಚೇಂಬರಿನಲ್ಲೇ ಕೊಲೆಯಾಗಿ ಏಳು ತಿಂಗಳು. ಅವರ ಗುಮಾಸ್ತರು ಆ ಆರೋಪ ಹೊತ್ತು ಜೈಲು ಸೇರಿಯೂ ಏಳು ತಿಂಗಳು. ಸೋಮವಾರ ಗುಮಾಸ್ತರ ಜಾಮೀನು ಅರ್ಜಿ ಬರುತ್ತದೆ, ಅವರ ವಕೀಲೆ ನಾನು, ಇವತ್ತು ಶನಿವಾರ.

ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತೆ. ಹನ್ನೊಂದನೇ ನಂಬರಿನ ಹಾಳೆಯನ್ನು ಒಂದು ತೊಡೆಯ ಮೇಲಿಟ್ಟುಕೊಂಡೆ. ಇನ್ನೊಂದು ತೊಡೆಯ ಮೇಲೆ, ಮೂರು ದಿನದಿಂದ ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದ ನಮ್ಮ ಕೇಸಿನ ಡಿಎನ್ಎ ವರದಿ.

ವಕೀಲರಿಗೆ ಈ ವರದಿಗಳನ್ನು ಓದಲು ಕಲಿಸುವ ಮೂರು ದಿನದ ತರಬೇತಿ ಅದು. ಬಂದವರು ಹನ್ನೆರಡು ಜನ. ಜೀವಮಾನವೆಲ್ಲ ಕರಿ ಕೋಟಿನಲ್ಲಿ ಬೆವೆತವರಿಗೆ ಪ್ರಯೋಗಾಲಯದವರು ಬಿಳಿ ಕೋಟು ತೊಡಿಸಿದ್ದರು, ಎಲ್ಲರೂ ಕಾಂಪೌಂಡರುಗಳ ಹಾಗೆ ಕಾಣುತ್ತಿದ್ದೆವು. ಮೊದಲ ದಿನ ಒಬ್ಬೊಬ್ಬರೂ ಒಂದು ಚೀಟಿ ಎತ್ತಿ, ಆ ನಂಬರನ್ನು ಕೊಳವೆಯ ಮೇಲೆ ಬರೆದು, ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಭಾಗ ಉಜ್ಜಿ ಅದರಲ್ಲಿ ಹಾಕಿ ಕೊಟ್ಟಿದ್ದೆವು. ಈ ಬೆಳಿಗ್ಗೆ ನಮ್ಮ ನಮ್ಮ ಡಿಎನ್ಎ ಹನ್ನೆರಡು ಹಾಳೆಗಳಾಗಿ ಗೋಡೆ ಏರಿತ್ತು. ಹೆಸರಿಲ್ಲ, ನಂಬರು ಮಾತ್ರ.

"ನಿಮ್ಮ ನಂಬರು ನಿಮಗೊಬ್ಬರಿಗೇ ಗೊತ್ತಿರಬೇಕು," ಎಂದಿದ್ದರು ಪಾಠ ಹೇಳುವ ಮೇಡಂ. "ಅಭ್ಯಾಸ ಮುಗೀಲಿ, ಸಂಜೆ ಐದಕ್ಕೆ ಹನ್ನೆರಡನ್ನೂ ನಾನೇ ಮೆಷಿನ್‌ಗೆ ಹಾಕಿ ಚೂರು ಮಾಡ್ತೀನಿ."

ಹನ್ನೊಂದು ಯಾರದ್ದೆಂದು ನನಗೆ ಗೊತ್ತಿತ್ತು. ನನ್ನ ಪಕ್ಕದಲ್ಲೇ ಕೂತು, ಕೊಳವೆಯ ಮೇಲೆ ಅದನ್ನು ಮುದ್ದಾಗಿ ಬರೆದವಳು ಕೋಗಿಲೆ.

ಕೋಗಿಲೆ ಎಂಬ ಅಡ್ಡಹೆಸರು ಇಟ್ಟವಳು ನಾನೇ. ಅವಳ ಇಂಪಾದ ಗಂಟಲಿಗೆ ಇಟ್ಟದ್ದು ಎಂದು ವಕೀಲರ ಸಂಘದಲ್ಲಿ ಎಲ್ಲರೂ ತಿಳಿದಿದ್ದಾರೆ. ಕೋಗಿಲೆ ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುತ್ತದೆ, ಅದಕ್ಕೆ ಇಟ್ಟದ್ದು. ಹನ್ನೆರಡು ವರ್ಷ ಸೀನಿಯರ್ ಚೇಂಬರಿನಲ್ಲಿ ನಾನು ಕಡತ ಹೊತ್ತಿದ್ದೆ. ಒಂದು ದಿನ ಅವರು ಬೆನ್ನು ತಟ್ಟಿದ್ದಿಲ್ಲ. ನನ್ನನ್ನು ಕರೆಯುತ್ತಿದ್ದದ್ದು 'ರೀ ವಕೀಲರೇ' ಎಂದು. ಇವಳು ಬಂದ ಮೂರನೇ ದಿನಕ್ಕೇ 'ಮಗು' ಆದಳು. ಎರಡು ವರ್ಷಕ್ಕೆ, ನಾನು ಹಗಲಿರುಳು ಕೂತು ಸಿದ್ಧಪಡಿಸಿದ್ದ ಆಸ್ಪತ್ರೆ ಕೇಸನ್ನು ವಾದಿಸಲು ಅವರು ಇವಳನ್ನು ನಿಲ್ಲಿಸಿದರು. ಅಂದೇ ನಾನು ಆ ಚೇಂಬರು ಬಿಟ್ಟೆ. ನಾಲ್ಕು ವರ್ಷವಾಯಿತು, ಆ ಮೆಟ್ಟಿಲು ತುಳಿದಿಲ್ಲ. ಅವರ ಹೆಣ ನೋಡಲೂ ಹೋಗಲಿಲ್ಲ, ಅಲ್ಲಿ ಇವಳು ಅಳುತ್ತ ನಿಂತಿರುತ್ತಾಳೆಂದು.

ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು. ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ನನಗೆ ದಾಟಿದೆ.

ಸೀನಿಯರ್ ಹೋದ ಮೇಲೆ ಈಗ ಅವಳು ಸರ್ಕಾರಿ ವಕೀಲರ ಸಹಾಯಕಿ. ಗುಮಾಸ್ತರಿಗೆ ಜಾಮೀನು ಕೊಡಬಾರದೆಂದು ಸೋಮವಾರ ವಾದಿಸುವವಳು ಅವಳೇ. ಮೂವತ್ತು ವರ್ಷ ಆ ಚೇಂಬರಿನ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮನುಷ್ಯ. ನನಗೆ ಮೊದಲ ಅರ್ಜಿ ಬರೆಯಲು ಕಲಿಸಿದವರು, ಇವಳಿಗೂ ಕಲಿಸಿದವರು.

ಅವರ ಮೇಲಿರುವ ಸಾಕ್ಷಿ ಇಷ್ಟೇ: ಸೀನಿಯರ್ ತಲೆಗೆ ಬಿದ್ದ ಕಲ್ಲಿನ ಪೇಪರ್‌ವೇಟಿನ ಮೇಲೆ ಅವರ ಬೆರಳಚ್ಚು. ದಿನಾ ಅದನ್ನು ಎತ್ತಿ ಮೇಜು ಒರೆಸುತ್ತಿದ್ದವರು ಅವರೇ, ಬೆರಳಚ್ಚು ಇರದೆ ಇನ್ನೇನು? ಆದರೆ ಸತ್ತವರ ಬಲಮುಷ್ಟಿಯಲ್ಲಿ ಇನ್ನೊಂದು ವಸ್ತುವಿತ್ತು. ನಾವು ವಕೀಲರು ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡು. ವಕೀಲರ ಕೈಯಲ್ಲಿ ಬ್ಯಾಂಡು ಇದ್ದರೆ ಏನು ಆಶ್ಚರ್ಯ ಎಂದು ಪೊಲೀಸರು ಅದನ್ನು ಕವರಿಗೆ ಹಾಕಿ ಸುಮ್ಮನಾಗಿದ್ದರು. ನಾನು ಅರ್ಜಿ ಹಾಕಿ, ಜಗಳ ಮಾಡಿ, ಪ್ರಯೋಗಾಲಯಕ್ಕೆ ಕಳಿಸಿದೆ. ವರದಿ ಬಂತು: ಬ್ಯಾಂಡಿನ ಹೊರಗೆ ಸೀನಿಯರ್ ರಕ್ತ, ಒಳಗೆ ಕೊರಳಿಗೆ ತಾಗುವ ಕಡೆ ಒಬ್ಬ ಹೆಂಗಸಿನ ಬೆವರು, ಚರ್ಮದ ಕಣ. ಯಾವ ಹೆಂಗಸೋ ಗೊತ್ತಿಲ್ಲ.

ಸಾಯುವ ಮನುಷ್ಯ ಕೊಂದವಳ ಕೊರಳಿಗೆ ಕೈಹಾಕಿ ಕಿತ್ತದ್ದು ಅದು. ಇದೇ ನನ್ನ ಸೋಮವಾರದ ವಾದ. ಆ ಹೆಂಗಸು ಯಾರೆಂದು ತೋರಿಸಿಬಿಟ್ಟರೆ ಗುಮಾಸ್ತರು ಅವತ್ತೇ ಮನೆಗೆ ಹೋಗುತ್ತಾರೆ.

ಗುಮಾಸ್ತರನ್ನೇ ಕೇಳಿದ್ದೆ, ಜೈಲಿನ ಜಾಲರಿಯ ಈಚೆ ನಿಂತು, ಮೂರು ಸಲ. "ಅವತ್ತು ಯಾರು ಬಂದಿದ್ರು, ಹೇಳಿ."

"ಕೇಳಬೇಡಿ ಅಮ್ಮಾ. ಬಿಟ್ಟುಬಿಡಿ," ಎಂದು ಮೂರು ಸಲವೂ ತಲೆ ತಗ್ಗಿಸಿದ್ದರು.

ಯಾರನ್ನು ಕಾಪಾಡಲು ಆ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ? ನನಗೆ ಅನುಮಾನವೇ ಇರಲಿಲ್ಲ. ಎಲ್ಲರ ಮುದ್ದಿನ ಮಗುವನ್ನು.

ಹಾಳೆಗೆ ಬಂದೆ. ಲೆಕ್ಕ ಸುಲಭ. ಮನುಷ್ಯನ ಡಿಎನ್ಎಯಲ್ಲಿ ಇಪ್ಪತ್ತು ಜಾಗ ಆರಿಸಿ, ಒಂದೊಂದು ಜಾಗದಲ್ಲೂ ಎರಡು ಸಂಖ್ಯೆ ಓದುತ್ತಾರೆ. ಒಂದು ಅಪ್ಪನಿಂದ ಬಂದದ್ದು, ಒಂದು ಅಮ್ಮನಿಂದ. ಇಪ್ಪತ್ತೂ ಜಾಗದಲ್ಲಿ ಎರಡೂ ಸಂಖ್ಯೆ ಹೊಂದಿದರೆ ಅದೇ ವ್ಯಕ್ತಿ. ಒಂದು ಜಾಗದಲ್ಲಿ ತಪ್ಪಿದರೂ ಅಲ್ಲ.

ಮೊದಲ ಜಾಗ. ಬ್ಯಾಂಡಿನ ಹೆಂಗಸಿನದು ಹದಿನಾಲ್ಕು, ಹದಿನೇಳು. ಕೋಗಿಲೆಯದು ಹದಿನಾಲ್ಕು, ಹದಿನೇಳು.

ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದೆ.

ಎರಡನೆಯದು. ಹದಿನೈದು, ಹದಿನಾರು. ಇಲ್ಲೂ ಹದಿನೈದು, ಹದಿನಾರು.

ಆಗಲಿ, ಆಗಲಿ, ಎಂದು ಬಾಯಿಬಿಟ್ಟೇ ಅಂದೆನೇನೋ. ಗುಮಾಸ್ತರು ಆ ಕ್ಷಣಕ್ಕೆ ಮರೆತೇ ಹೋಗಿದ್ದರು. ಕಟಕಟೆಯಲ್ಲಿ ನಿಂತ ಕೋಗಿಲೆಯೊಬ್ಬಳೇ ಕಣ್ಣಮುಂದೆ ಇದ್ದಳು, ಆ ಕೊರಳಿನಿಂದ ಒಂದು ಸ್ವರವೂ ಹೊರಡದೆ.

ಬಾಗಿಲು ಬಡಿದ ಸದ್ದು.

"ಅಕ್ಕಾ, ಒಳಗಿದ್ದೀರಾ? ಮೇಡಂ ಕರೀತಿದ್ದಾರೆ. ಎಲ್ಲರೂ ಬಂದಾಯ್ತು."

ಅವಳೇ.

---

ಪಾಠದ ಕೋಣೆಯಲ್ಲಿ ಮೇಡಂ ಗೋಡೆಯ ಮುಂದೆ ನಿಂತು ಹಾಳೆ ಎಣಿಸುತ್ತಿದ್ದರು. ಮೂವತ್ತು ವರ್ಷ ಈ ಪ್ರಯೋಗಾಲಯದಲ್ಲೇ ದುಡಿದು ನಿವೃತ್ತರಾದ ಹೆಂಗಸು. ಸಣಕಲು ದೇಹ, ಕತ್ತರಿಯಂಥ ನಾಲಿಗೆ.

"ಹತ್ತು ಇದೆ, ಹನ್ನೆರಡು ಇದೆ. ಮಧ್ಯದ್ದು ಗಾಳಿಗೆ ಹಾರಿಹೋಯ್ತಾ? ಕಿಟಕಿಗಳೇ ಇಲ್ಲ ಇಲ್ಲಿ."

ಹಿಂದಿನ ಸಾಲಿನಲ್ಲಿ ಜಮೀನು ವ್ಯಾಜ್ಯದ ದಪ್ಪ ವಕೀಲರೊಬ್ಬರು ಮೂರು ದಿನದಿಂದ ಗೊರಕೆ ಹೊಡೆಯುತ್ತಿದ್ದರು. ಆಗ ಮಾತ್ರ ಎಚ್ಚರವಾದರು. "ಆಕ್ಷೇಪಣೆ ಮೇಡಂ. ಹಾಳೆ ಇತ್ತು ಅನ್ನೋದಕ್ಕೇ ದಾಖಲೆ ಎಲ್ಲಿದೆ?"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

"ಇದು ತಮಾಷೆಯಲ್ಲ ವಕೀಲರೇ. ಒಬ್ಬರ ಮೈಯ ಗುಟ್ಟು ಅದು. ತಗೊಂಡವರು ಈಗಲೇ ಕೊಟ್ಟರೆ ಸರಿ. ಇಲ್ಲಾಂದ್ರೆ ಎಲ್ಲರ ಬ್ಯಾಗೂ ಮೇಜಿನ ಮೇಲೆ ಬರಲಿ."

ನನ್ನ ಬ್ಯಾಗಿನಲ್ಲಿ ಕೊಲೆ ಕೇಸಿನ ವರದಿ, ಜೇಬಿನಲ್ಲಿ ಕದ್ದ ಹಾಳೆ. ವಕೀಲರ ಪರಿಷತ್ತಿಗೆ ಒಂದು ಪತ್ರ ಹೋದರೆ ಸಾಕು, ಸೋಮವಾರ ಗುಮಾಸ್ತರ ಪರ ನಿಲ್ಲಲು ಯಾರೂ ಇರುವುದಿಲ್ಲ.

"ನನ್ನ ಹತ್ರ ಇದೆ ಮೇಡಂ," ಎಂದಿತು ಪಕ್ಕದ ದನಿ. "ಹನ್ನೊಂದು ನನ್ನದೇ. ಸಂಖ್ಯೆ ಬರ್ಕೊಳ್ಳೋಣ ಅಂತ ತೆಗೆದೆ. ತಪ್ಪಾಯ್ತು. ಕ್ಲಾಸ್ ಮುಗಿದ ಮೇಲೆ ನಾನೇ ನಿಮ್ಮ ಕೈಗೆ ಕೊಡ್ತೀನಿ."

"ಕೇಳಿ ತಗೊಬೇಕಮ್ಮಾ," ಎಂದು ಗೊಣಗಿ ಮೇಡಂ ಪಾಠಕ್ಕೆ ತಿರುಗಿದರು. ಕೋಗಿಲೆ ನನ್ನ ಕಡೆ ನೋಡಲೂ ಇಲ್ಲ. ನೋಟ್ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದಳು.

ನನಗೆ ಉಪಕಾರ ಮಾಡಿದ್ದಳು. ಬೆಂಕಿಗೆ ತುಪ್ಪ ಸುರಿದಂತಾಯಿತು. ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅಷ್ಟೇ ಅಲ್ಲ, ಇವಳಿಗೆ ಗೊತ್ತಾಗಿದೆ. ಯಾರು ಕದ್ದರು, ಏಕೆ ಕದ್ದರು, ಎಲ್ಲ. ಗೊತ್ತಿದ್ದೂ ನನ್ನನ್ನು ಉಳಿಸಿದಳೆಂದರೆ ಹೆದರಿದ್ದಾಳೆ. ಹೆದರಿದ್ದಾಳೆಂದರೆ ಉಳಿದ ಹದಿನೆಂಟು ಜಾಗವೂ ಹೊಂದುತ್ತವೆ.

ಮೇಡಂ ಏನೋ ಹೇಳುತ್ತಿದ್ದರು. "ಕಳ್ಳನನ್ನ ಹುಡುಕೋಕೆ ಮುಂಚೆ ನಾವು ಏನ್ ಮಾಡ್ತೀವಿ ಗೊತ್ತಾ? ಇಲ್ಲಿ ಕಸ ಗುಡಿಸೋರಿಂದ ಹಿಡಿದು ನಿರ್ದೇಶಕರ ತನಕ ಎಲ್ಲರ ಡಿಎನ್ಎನೂ ಒಂದು ಪಟ್ಟೀಲಿರುತ್ತೆ. ಸಾಕ್ಷಿ ಮೇಲೆ ಸಿಕ್ಕಿದ್ದನ್ನ ಮೊದಲು ಆ ಪಟ್ಟಿ ಜೊತೆ ಹೋಲಿಸ್ತೀವಿ. ನಮ್ಮದೇ ಸೀನು, ನಮ್ಮದೇ ಬೆವರು ಬಿದ್ದಿರಬಹುದಲ್ಲ..."

ಅರ್ಧ ಕಿವಿಯಲ್ಲಿ ಕೇಳಿ ಬಿಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಮನೆಯವರು ಫೋನ್ ಮಾಡಿ, "ಪಾಠ ಕೇಳ್ತಿದ್ದೀಯೋ, ಅವಳನ್ನೇ ನೋಡ್ತಾ ಕೂತಿದ್ದೀಯೋ?" ಎಂದಿದ್ದರು. ಶಾಲಾ ಮೇಷ್ಟ್ರು, ದಡ್ಡ ಮಕ್ಕಳನ್ನು ದೂರದಿಂದಲೇ ಗುರುತಿಸುತ್ತಾರೆ. ಅವರಿಗೂ ಎರಡು ಮಾತು ಬೈದಿದ್ದೆ.

ಡೆಸ್ಕಿನ ಕೆಳಗೆ ಎರಡು ಹಾಳೆಯನ್ನೂ ಮೆಲ್ಲಗೆ ಬಿಡಿಸಿದೆ. ಮೂರನೇ ಜಾಗ.

ಬ್ಯಾಂಡಿನ ಹೆಂಗಸು: ಒಂಬತ್ತು, ಹನ್ನೊಂದು.

ಕೋಗಿಲೆ: ಎಂಟು, ಹನ್ನೆರಡು.

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಸಾಲು ತಪ್ಪಿರಬಹುದೆಂದು ಬೆರಳಿಟ್ಟು ನೋಡಿದೆ. ಎಂಟು, ಹನ್ನೆರಡು. ನಾಲ್ಕನೆಯದೂ ತಪ್ಪು. ಐದನೆಯದರಲ್ಲಿ ಒಂದು ಸರಿ, ಒಂದು ತಪ್ಪು. ಆರು, ಏಳು, ಎಂಟು, ಎಲ್ಲ ತಪ್ಪು.

ಮೊದಲ ಎರಡು ಕಾಕತಾಳೀಯವಾಗಿ ಹೊಂದಿದ್ದವು, ಅಷ್ಟೇ. ಎರಡು ಮೂರು ಜಾಗ ಯಾರಿಗೆ ಬೇಕಾದರೂ ಹೊಂದುತ್ತದೆ, ಹಿಗ್ಗಬೇಡಿ ಎಂದು ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು.

ಬ್ಯಾಂಡು ಅವಳದಲ್ಲ. ಒಬ್ಬರು ನಿರಪರಾಧಿ ಎಂದು ಗೊತ್ತಾಗಿ ಅಳು ಬಂದದ್ದು ವಕೀಲರ ಪೈಕಿ ನನಗೊಬ್ಬಳಿಗೇ ಇರಬೇಕು. ನಾಚಿಕೆಯೂ ಆಯಿತು, ಅದರ ಜೊತೆಗೇ ಸೋಮವಾರದ ಭಯವೂ ಹತ್ತಿತು. ಇವಳಲ್ಲದಿದ್ದರೆ ಇನ್ನು ಯಾರು? ಒಂದೂವರೆ ದಿನದಲ್ಲಿ ಆ ಹೆಂಗಸನ್ನು ಎಲ್ಲಿ ಹುಡುಕಲಿ?

ನಾಲ್ಕೂವರೆಗೆ ಪಾಠ ಮುಗಿಯಿತು. ಕೋಗಿಲೆ ಎದ್ದು ಬ್ಯಾಗು ಹೆಗಲಿಗೇರಿಸಿದಳು. ಬಾಗಿ, ಬೇರೆ ಯಾರಿಗೂ ಕೇಳಿಸದಂತೆ, "ಅಕ್ಕಾ, ಕೈಗವಸು ಇಡೋ ಕೋಣೆಗೆ ಬನ್ನಿ. ಹಾಳೆ ತನ್ನಿ," ಎಂದಳು.

---

ಕೈಗವಸಿನ ಕೋಣೆ ಎಂದರೆ ಕೋಣೆಯಲ್ಲ, ಉಗ್ರಾಣ. ಮೂರು ಗೋಡೆಗೂ ಕೈಗವಸು, ಮುಖಗವಸು, ಹತ್ತಿಯ ಕಡ್ಡಿಗಳ ಡಬ್ಬಗಳು. ನಾಲ್ಕನೇ ಗೋಡೆಗೆ ಒಂದು ಫ್ರೀಜರು, ಅದರ ಗುಂಯ್ ಸದ್ದು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ.

ಹಾಳೆಯನ್ನು ಅವಳ ಮುಂದೆ ಹಿಡಿದೆ. ಅವಳು ತೆಗೆದುಕೊಂಡು ಮಡಿಕೆಗಳನ್ನು ಅಂಗೈಯಲ್ಲಿ ತೀಡಿ ನೇರ ಮಾಡಿದಳು.

"ಹೊಂದಲಿಲ್ಲ, ಅಲ್ವಾ?"

"ಇಲ್ಲ."

"ಬೇಜಾರಾಯ್ತಾ ಅಕ್ಕಾ?"

"ಆಯ್ತು. ಸುಳ್ಳು ಯಾಕೆ ಹೇಳಲಿ?"

ಅವಳು ನಕ್ಕಳು. ಕೋರ್ಟಿನಲ್ಲಿ ನಗುವ ನಗುವಲ್ಲ, ಸುಸ್ತಾದವರ ನಗು. "ನನ್ನನ್ನ ಯಾಕೆ ಉಳಿಸಿದೆ ಅಂತ ಕೇಳಲ್ವಾ?"

"ಕೇಳಲ್ಲ. ಉಪಕಾರ ಹೊರಿಸೋದು ನಿನಗೆ ಮೊದಲಿಂದಲೂ ಅಭ್ಯಾಸ."

"ಉಪಕಾರ ಅಲ್ಲ. ನೀವು ಸೋಮವಾರ ಕೋರ್ಟಲ್ಲಿ ಇರಬೇಕಿತ್ತು ನನಗೆ." ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕಡತ ತೆಗೆದಳು. ನನ್ನ ಬಳಿ ಇದ್ದ ವರದಿಯದೇ ಇನ್ನೊಂದು ಪ್ರತಿ, ಸರ್ಕಾರದ ಕಡೆಯದು. ಅದರ ಪಕ್ಕ ಅವಳ ಕೈಬರಹದಲ್ಲಿ ಒಂದು ಚೀಟಿ, ತುಂಬಾ ಸಂಖ್ಯೆಗಳು. "ಮೇಡಂ ಹೇಳಿದ್ದನ್ನ ನೀವು ಕೇಳಿಸ್ಕೊಂಡ್ರಾ? ಮೊದಲು ಮನೆಯವರನ್ನ ಪಟ್ಟಿಯಿಂದ ತೆಗೀಬೇಕು ಅಂದ್ರು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಪೊಲೀಸರದ್ದು ನೋಡ್ತೀವಿ, ಡಾಕ್ಟರದ್ದು ನೋಡ್ತೀವಿ, ಆರೋಪಿದು ನೋಡ್ತೀವಿ. ವಕೀಲರದ್ದನ್ನ ವಕೀಲರು ಯಾವತ್ತಾದ್ರೂ ನೋಡಿದ್ದೀವಾ?"

"ನಾನು ನೋಡಿದೆನಲ್ಲ, ನಿನ್ನದು."

"ನನ್ನದು ನೋಡಿದ್ರಿ. ನಿಮ್ಮದು ನೋಡ್ಕೊಂಡ್ರಾ?"

ನನ್ನ ಹಾಳೆಯ ಕಡೆ ನಾನು ತಿರುಗಿಯೂ ನೋಡಿರಲಿಲ್ಲ.

"ನಿಮ್ಮ ನಂಬರು ನಾಲ್ಕು. ನೀವು ನನ್ನದನ್ನ ಕದ್ದು ನೋಡಿದ ಹಾಗೇ ನಾನೂ ನಿಮ್ಮದನ್ನ ನೋಡಿದ್ದೆ." ಚೀಟಿಯನ್ನು ವರದಿಯ ಪಕ್ಕ ಹಿಡಿದಳು. "ಬೆಳಿಗ್ಗೆಯೇ ಗೋಡೆಯಿಂದ ಬರ್ಕೊಂಡೆ. ಓದಿ."

ಹದಿನಾಲ್ಕು, ಹದಿನೇಳು. ಹದಿನೈದು, ಹದಿನಾರು. ಒಂಬತ್ತು, ಹನ್ನೊಂದು.

ಮುಂದೆ ಓದಿದೆ. ನಿಧಾನವಾಗಿ, ಇಪ್ಪತ್ತನ್ನೂ. ಒಂದೂ ತಪ್ಪಲಿಲ್ಲ.

ನೆಲ ಕುಸಿಯಿತು ಎನ್ನುತ್ತಾರಲ್ಲ, ಕುಸಿಯಲಿಲ್ಲ. ನೆಲ ಇದ್ದಲ್ಲೇ ಇತ್ತು, ಫ್ರೀಜರು ಗುಂಯ್ ಎನ್ನುತ್ತಲೇ ಇತ್ತು. ಡಬ್ಬದ ಮೇಲೆ 'ದೊಡ್ಡ ಅಳತೆ' ಎಂದು ಬರೆದದ್ದನ್ನು ನಾನು ನಾಲ್ಕು ಸಲ ಓದಿದೆ.

"ನಾನು ಆ ಚೇಂಬರಿಗೆ ಕಾಲಿಟ್ಟಿಲ್ಲ," ಎಂದೆ. ನನ್ನ ದನಿ ನನಗೇ ಆರೋಪಿಯ ದನಿಯ ಹಾಗೆ ಕೇಳಿಸಿತು. "ನಾಲ್ಕು ವರ್ಷದಿಂದ ಇಲ್ಲ. ಯಾರೋ ಬೇಕಂತಲೇ..."

"ಬ್ಯಾಂಡು ಅಲ್ಲೇ ಇತ್ತು ಅಕ್ಕಾ. ಬಿಟ್ಟು ಹೋಗೋ ದಿನ ಕೊರಳಿಂದ ಕಿತ್ತು ಅವರ ಮುಂದೆ ಬಿಸಾಕಿದ್ರಿ. ನಾನು ಬಾಗಿಲ ಹತ್ರಾನೇ ನಿಂತಿದ್ದೆ."

ನೆನಪಾಯಿತು. 'ನಿಮ್ಮ ಮಗೂಗೆ ಕಟ್ಟಿ ಇದನ್ನ' ಎಂದು ಕೂಗಿ ಬಂದಿದ್ದೆ. ಬ್ಯಾಂಡುಗಳೆಲ್ಲ ಒಂದೇ ಥರ, ಫೋಟೋದಲ್ಲಿ ರಕ್ತ ಮೆತ್ತಿದ್ದನ್ನು ನೋಡಿ ನನ್ನದೆಂದು ನಾನು ಹೇಗೆ ಗುರುತಿಸಲಿ?

"ಅವರು ಅದನ್ನ ಮೇಜಿನ ಮೇಲಿನ ಡ್ರಾಯರಲ್ಲಿ ಇಟ್ಕೊಂಡ್ರು," ಎಂದಳು ಕೋಗಿಲೆ. ಅವಳ ದನಿಯಲ್ಲಿ ಆಗ ಯಾವ ಇಂಪೂ ಇರಲಿಲ್ಲ. "ಮೂರೂವರೆ ವರ್ಷ. ಒಂದು ದಿನ ನಾನು, ಕೊಳೆಯಾಗಿದೆ ಸರ್, ಒಗೆದಾದ್ರೂ ಇಡ್ತೀನಿ ಅಂದೆ. ಮುಟ್ಟಬೇಡ ಅಂತ ಗದರಿಬಿಟ್ರು. ನನ್ನ ಮೇಲೆ ಅವರು ದನಿ ಎತ್ತಿದ್ದು ಅದೊಂದೇ ಸಲ. ದಿನಾ ಪೆನ್ನು ತೆಗೆಯೋಕೆ ಡ್ರಾಯರ್ ಎಳೆದರೆ ಅದು ಕಾಣಿಸ್ತಿತ್ತು. ನಾನು ಯಾವ ಕೇಸು ಗೆದ್ದು ಬಂದ್ರೂ, 'ಅವಳಾಗಿದ್ರೆ ಇನ್ನೊಂದು ಪ್ರಶ್ನೆ ಕೇಳ್ತಿದ್ಲು' ಅಂತಿದ್ರು. ನಾನು ಮಗು, ಸರಿ. ಮಗು ಅಂದ್ರೆ ಏನು? ಬೆಳೀದೇ ಇರೋಳು ಅಂತ. ನಿಮಗೊಬ್ಬರಿಗೇ ಹೊಟ್ಟೆ ಉರೀತಿತ್ತು ಅಂದ್ಕೊಂಡಿದ್ರಾ?"

ನನಗೆ ಏನನ್ನಿಸಿತೆಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಕೊಲೆಯ ಆರೋಪ ನನ್ನ ಕೊರಳಿಗೆ ಬರುವ ಹೊತ್ತಿನಲ್ಲಿ ನನಗೆ ಸಂತೋಷವಾಯಿತು. ಇವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಇತ್ತಲ್ಲ ಎಂದು. ಅವರು ನನ್ನ ಬೆವರಿನ ಬ್ಯಾಂಡು ಇಟ್ಟುಕೊಂಡಿದ್ದರಲ್ಲ ಎಂದು. ಆ ಸಂತೋಷ ಮುಗಿದ ಮೇಲೆ ಲೆಕ್ಕ ಹಾಕಿದೆ.

ಬ್ಯಾಂಡು ಡ್ರಾಯರಿನಲ್ಲಿತ್ತು ಎಂದರೆ ಅವರು ಅದನ್ನು ಯಾರ ಕೊರಳಿನಿಂದಲೂ ಕಿತ್ತಿಲ್ಲ. ಕೊಂದ ಹೆಂಗಸು ಎಂಬುವಳೇ ಇಲ್ಲ. ನನ್ನ ಸೋಮವಾರದ ವಾದ ಅಲ್ಲಿಗೆ ಮುಗಿಯಿತು.

ಅದನ್ನು ಮುಚ್ಚಿಟ್ಟು ವಾದ ಮಾಡಿದರೆ? 'ಯಾರು ಆ ಹೆಂಗಸು?' ಎಂದು ನಾನು ಕೇಳುತ್ತೇನೆ. 'ಕೇಳುತ್ತಿರುವವರೇ' ಎಂದು ಇವಳು ಎದ್ದು ನಿಲ್ಲುತ್ತಾಳೆ. ಗುಮಾಸ್ತರು ಹೊರಗೆ ಬರುತ್ತಾರೆ, ನಾನು ಒಳಗೆ ಹೋಗುತ್ತೇನೆ.

"ಡ್ರಾಯರಲ್ಲಿತ್ತು ಅಂತ ಕೋರ್ಟಲ್ಲಿ ನೀನು ಹೇಳಬಹುದಲ್ಲ," ಎಂದೆ.

"ಹೇಳಬಹುದು. ಕೊನೇ ಸಲ ಯಾವಾಗ ನೋಡಿದ್ರಿ ಅಂತ ಕೇಳ್ತಾರೆ."

"ಯಾವಾಗ ನೋಡಿದೆ?"

ಅವಳು ಬಾಗಿಲಿನ ಕಡೆ ನೋಡಿದಳು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.

"ಅವತ್ತೇ. ಸಂಜೆ ಐದೂವರೆಗೆ."

ಸೀನಿಯರ್ ಸತ್ತದ್ದು ಆರರಿಂದ ಏಳರ ಒಳಗೆ. ಕೋಗಿಲೆ ಪೊಲೀಸರಿಗೆ ಕೊಟ್ಟ ಹೇಳಿಕೆ ನನಗೆ ಕಂಠಪಾಠ: ನಾಲ್ಕಕ್ಕೆ ಚೇಂಬರು ಬಿಟ್ಟೆ, ರಾತ್ರಿ ಎಂಟರ ತನಕ ಕೋರ್ಟಿನ ಗ್ರಂಥಾಲಯದಲ್ಲಿದ್ದೆ.

"ಸುಳ್ಳು ಹೇಳಿದೆಯಾ ನೀನು? ಪೊಲೀಸರ ಮುಂದೆ?"

"ನಿಜ ಹೇಳಿದ್ರೆ ನಾನು ಸಾಕ್ಷಿಯಾಗ್ತಿದ್ದೆ. ಸಾಕ್ಷಿಯಾದೋಳು ಈ ಕೇಸಲ್ಲಿ ವಾದ ಮಾಡೋ ಹಾಗಿಲ್ಲ. ನಿಮ್ಮ ಎದುರು ನಿಂತು ಒಂದೇ ಒಂದು ಸಲ ಗೆಲ್ಲಬೇಕಿತ್ತು ಅಕ್ಕಾ. ಅವರಿಲ್ಲದಿದ್ರೂ ಪರವಾಗಿಲ್ಲ, ಗೆಲ್ಲಬೇಕಿತ್ತು." ಅವಳ ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ. "ಮರೆತಿದ್ದ ಪುಸ್ತಕ ತರೋಕೆ ವಾಪಸ್ ಹೋಗಿದ್ದೆ. ಐದು ನಿಮಿಷ. ನಾನು ಹೊರಟಾಗ ಅವರು ಚೆನ್ನಾಗಿದ್ರು. ಅಷ್ಟು ಖುಷಿಯಾಗಿ ನಾನು ಅವರನ್ನ ಯಾವತ್ತೂ ನೋಡಿರಲಿಲ್ಲ. ಆಗ ತಾನೇ ಮುಖ ಕ್ಷೌರ ಮಾಡ್ಕೊಂಡು, ಹೊಸ ಶರ್ಟು ಹಾಕ್ಕೊಂಡು, ಡ್ರಾಯರಿಂದ ಆ ಬ್ಯಾಂಡು ತೆಗೆದು ಮೇಜಿನ ಮೇಲೆ ಇಟ್ಕೊಂಡು ಕೂತಿದ್ರು."

"ಯಾಕೆ?"

"ನಾನೂ ಅದೇ ಕೇಳಿದೆ. ಯಾರಾದ್ರೂ ಬರ್ತಾರಾ ಸರ್ ಅಂದೆ. 'ನನ್ನ ದೊಡ್ಡ ಮಗಳು ಬರ್ತಾಳೆ, ಇದನ್ನ ಅವಳಿಗೆ ವಾಪಸ್ ಕೊಡಬೇಕು' ಅಂದ್ರು."

ಅವರಿಗೆ ಹೆತ್ತ ಮಕ್ಕಳಿರಲಿಲ್ಲ. ಆ ಮಾತಿನಲ್ಲಿ ಯಾರಿದ್ದರೆಂದು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ. "ಯಾರು?"

"ನೀವೇ. ಆರು ಗಂಟೆಗೆ ನೀವು ಬರ್ತೀರಿ ಅಂತ."

ನಾನು ಕೈಗವಸಿನ ಡಬ್ಬಗಳಿಗೆ ಒರಗಿದೆ. ಎರಡು ಡಬ್ಬ ಕೆಳಗೆ ಬಿದ್ದವು. ಹನ್ನೆರಡು ವರ್ಷ ನಾನು ಕಾದ ಮಾತು ಅದು. ನನ್ನ ಮುಂದೆ ಒಮ್ಮೆಯೂ ಆಡಲಿಲ್ಲ, ಇವಳ ಮುಂದೆ ಆಡಿದರು. ಅಳು ತಡೆಯಲಾಗಲಿಲ್ಲ.

"ಈಗ ಅಳ್ತೀರಾ?" ಕೋಗಿಲೆಯ ದನಿ ಚುರುಕಾಯಿತು. "ಏಳು ತಿಂಗಳಿಂದ ನಾನು ನೀವೇ ಅಂದ್ಕೊಂಡಿದ್ದೀನಿ. ಆರಕ್ಕೆ ಬಂದ್ರಿ, ಹಳೇ ಜಗಳ ಮತ್ತೆ ಎದ್ದಿತು, ಕೈಗೆ ಸಿಕ್ಕಿದ್ದನ್ನ ಎತ್ತಿದ್ರಿ. ಗುಮಾಸ್ತರು ನಿಮ್ಮನ್ನ ಕಾಪಾಡೋಕೆ ಬಾಯಿ ಮುಚ್ಕೊಂಡು ಕೂತಿದ್ದಾರೆ. ಅವರಿಗೆ ಜಾಮೀನು ಸಿಗದೇ ಇದ್ರೆ ಒಂದಲ್ಲ ಒಂದು ದಿನ ಬಾಯಿ ಬಿಡ್ತಾರೆ ಅಂತಾನೇ ನಾನು ಎದುರು ನಿಂತಿದ್ದು."

"ನಿನ್ನನ್ನ ಕಾಪಾಡ್ತಿದ್ದಾರೆ ಅಂತ ನಾನು ಅಂದ್ಕೊಂಡಿದ್ದೆ."

"ನನ್ನನ್ನಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಕೊಲೆ ಮಾಡಿರಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆನೋ ಅಷ್ಟೇ ಆಸೆ ಅವಳ ಮುಖದಲ್ಲೂ ಇತ್ತು. ನೋಡನೋಡುತ್ತ ಅದು ಕರಗಿತು.

"ನಾನು ಹೋಗಲಿಲ್ಲ," ಎಂದೆ. "ಅವತ್ತು ಸಂಜೆ ಐದರಿಂದ ಎಂಟರ ತನಕ ನಮ್ಮ ಮನೆಯವರ ಶಾಲೆಯಲ್ಲಿ ವೇದಿಕೆ ಮೇಲೆ ಕೂತಿದ್ದೆ, ಬಹುಮಾನ ಕೊಡೋಕೆ. ಮುನ್ನೂರು ಜನ ನೋಡಿದ್ದಾರೆ. ನಾನು ಬರ್ತೀನಿ ಅಂತ ಅವರಿಗೆ ಯಾರು ಹೇಳಿದ್ದು?"

"ನೀವೇ ಫೋನ್ ಮಾಡಿದ್ರಂತಲ್ಲ. ಮಧ್ಯಾಹ್ನ."

"ನಾನು ಮಾಡಿಲ್ಲ. ನಾಲ್ಕು ವರ್ಷದಲ್ಲಿ ಆ ನಂಬರು ಒಂದು ಸಲವೂ ಒತ್ತಿಲ್ಲ. ಅವರ ಜೊತೆ ಯಾರು ಮಾತಾಡಿದ್ರು?"

"ಅವರ ಜೊತೆ ಯಾರೂ ಮಾತಾಡಿರಲಿಲ್ಲ. ಅವರು ಕೋರ್ಟಲ್ಲಿದ್ದಾಗ ಬಂದ ಫೋನು ಅದು. ಬಂದ ಮೇಲೆ ಅವರಿಗೆ ವಿಷಯ ಮುಟ್ಟಿಸಿದ್ದು..." ಕೋಗಿಲೆ ಅರ್ಧಕ್ಕೇ ನಿಲ್ಲಿಸಿದಳು. ಮೊದಲ ಸಲ ಆ ಕೊರಳು ಒಡೆದದ್ದನ್ನು ನಾನು ಕೇಳಿದೆ. "ಗುಮಾಸ್ತರು."

ಚೇಂಬರಿನ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮನುಷ್ಯ. ನಮ್ಮಿಬ್ಬರಿಗೂ ಅರ್ಜಿ ಬರೆಯಲು ಕಲಿಸಿದವರು. ಅವರು ನನ್ನನ್ನು ಕಾಪಾಡುತ್ತಿದ್ದಾರೆಂದು ಅವಳು, ಅವಳನ್ನು ಕಾಪಾಡುತ್ತಿದ್ದಾರೆಂದು ನಾನು, ಏಳು ತಿಂಗಳು ಒಬ್ಬರನ್ನೊಬ್ಬರು ನೋಡಿಕೊಂಡೇ ಕೂತಿದ್ದೆವು. ಆ ಮನುಷ್ಯನನ್ನು ಇಬ್ಬರೂ ನೋಡಲಿಲ್ಲ.

ಹನ್ನೆರಡು ವರ್ಷ ನನ್ನ ದನಿ ಕೇಳಿದವರು ಬೇರೆ ದನಿಗೆ ಮೋಸಹೋಗುವವರಲ್ಲ. ಬಾರದ ಫೋನು ಬಂತೆಂದು ಅವರು ಸೀನಿಯರ್‌ಗೆ ಹೇಳಿದ್ದರು, ನನ್ನ ಹೆಸರಿನಲ್ಲಿ ಅವರನ್ನು ಆರು ಗಂಟೆಯ ತನಕ ಅಲ್ಲೇ ಕೂರಿಸಿದ್ದರು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಆ ಗುಮಾಸ್ತರನ್ನು ಬಿಡಿಸಿ ಮನೆಗೆ ಕಳಿಸಲು ನಾನು ಎದ್ದು ನಿಲ್ಲಬೇಕಿತ್ತು.